ದಾರದ ಇನ್ನೊಂದು ತುದಿ

ನೀಲಿ ಪುಡಿ ಮೆತ್ತಿದ ದಾರಕ್ಕೆ ನಮ್ಮ ಅಂಕೋಲೆಯಲ್ಲಿ ಒಂದು ಹೆಸರಿತ್ತು. ಸುತಳಿ ಅಲ್ಲ, ಸೂತ್ರವೂ ಅಲ್ಲ. ನಾಗಪುರಕ್ಕೆ, ಮೊಮ್ಮಗಳು ಪುಟ್ಟಿಯ ಮನೆಗೆ ಬಂದಮೇಲೆ ಆ ಹೆಸರು ಮರೆತೇ ಹೋಯಿತು. ನಾಟಕದ ಪರದೆಯ ಮೇಲೆ ಇಬ್ಬರು ಅದನ್ನು ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ನೇರ ಗೆರೆ ಮೂಡುತ್ತಿತ್ತು.

ಪರದೆ, ಅಂಗಡಿಯ ಬೋರ್ಡು, ಕೇಣಿ ಬಂದರಿನ ದೋಣಿಗಳ ಹೆಸರು, ಎಲ್ಲ ಬರೆದವಳು ನಾನು. ಫ್ಲೆಕ್ಸ್ ಬಂದು ಕೆಲಸ ನಿಂತಿತು; ಕೈಯೂ ನಡುಗತೊಡಗಿತು. ಊರಲ್ಲಿದ್ದಾಗಲೇ ಒಮ್ಮೆ ಕಲಾವಿದರ ಮಾಸಾಶನ ಕೇಳಲು ಕಾರವಾರದ ಕಚೇರಿಗೆ ಹೋದೆ.

"ಸರ್ಟಿಫಿಕೇಟ್ ಇಲ್ವಾ? ಹಂಗಾರೆ ಏನಾದ್ರೂ ಬರ್ದು ತೋರ್ಸಿ ಅಮ್ಮಾ," ಎಂದರು ಸಾಹೇಬರು.

ಪೆನ್ಸಿಲ್ ಹಿಡಿದೆ. ಗೆರೆ ಹಾವಿನಂತೆ ಹರಿಯಿತು. ಅವರು ನನ್ನ ಅರ್ಜಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಪುರಾವೆಗೆ ಇರಲಿ ಎಂದು ಒಯ್ದಿದ್ದ ದಾರವನ್ನು ಚೀಲದಿಂದ ತೆಗೆದೆ.

"ಈ ತುದಿ ನೀವು ಹಿಡೀರಿ."

"ನಾನಾ?"

"ಮತ್ಯಾರು? ಬಿಗಿ ಹಿಡೀರಿ ಮಾರಾಯ್ರೆ, ಅದೇನ್ ಕಚ್ಚೂದಿಲ್ಲ."

ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದಾರ ಹೊಡೆಯುತ್ತ ಹೋದೆವು. ಕೈ ನಡುಗಿದರೂ ಬಿಗಿದ ದಾರ ನಡುಗುವುದಿಲ್ಲ. ಮೆಟ್ಟಿಲು ಬಂತು, ಕಂಬಗಳು ಬಂದವು, ನೋಡನೋಡುತ್ತ ಅರಮನೆ ಎದ್ದಿತು. ಸಾಹೇಬರ ಬೆರಳು, ಅಂಗಿಯ ತೋಳು ಎಲ್ಲ ನೀಲಿ.

"ಇನ್ನೊಂದ್ ಕಂಬ ಹಾಕ್ವನಾ ಅಮ್ಮಾ?" ಎಂದು ಅವರೇ ಕೇಳಿದರು.

ಅರ್ಜಿ ಮಂಜೂರಾಯಿತು. 'ಕಲಾ ಪ್ರಕಾರ' ಎಂಬಲ್ಲಿ ಜಾಗ ಒಂದೇ ಬೆರಳಿನಷ್ಟಿತ್ತು. ಸಾಹೇಬರು ಬಹಳ ಯೋಚಿಸಿ 'ಇತರೆ' ಎಂದು ಬರೆದರು.

ಬಾರೇ ಪುಟ್ಟಿ, ನಿನ್ನ ಬರೆಯುವ ಪಟ್ಟಿಯಲ್ಲಿ ಜಾಗ ಬೇಕಾದಷ್ಟಿದೆ. ಆ 'ಇತರೆ' ಅಂದ್ರೆ ಏನೇನು ಅಂತ ಹೇಳ್ತೆ, ಬರ್ಕೋ.