ಆರಿಸಬಾರದ ಬಲ್ಬು

ನಮ್ಮತ್ತೆ ಬಲ್ಬಿಗೆ ಕೈ ಮುಗಿಯುತ್ತಿದ್ದರು. ನಗುವವರು ನಗಲಿ. ಮುಸ್ಸಂಜೆಗೆ ಮನೆಯಲ್ಲಿ ದೀಪ ಹಚ್ಚಿದಾಗ ಎಲ್ಲರೂ ಕೈ ಮುಗಿಯಬೇಕೆಂಬುದು ಅವರು ಹುಟ್ಟಿದಾಗಿನಿಂದ ಕಂಡ ರೀತಿ. ಹಚ್ಚಿದ್ದು ಎಣ್ಣೆಯ ದೀಪವೋ ತಂತಿಯ ದೀಪವೋ ಎಂದು ಅವರು ಭೇದ ಮಾಡಲಿಲ್ಲ. ಸ್ವಿಚ್ಚು ಕೂಡಿಸಿದ ಹಲಗೆಗೆ ಅರಿಷಿಣ ಕುಂಕುಮ, ಒತ್ತುವ ಮುಂಚೆ ತಲೆಯ ಮೇಲೆ ಸೆರಗು, ಒತ್ತಿದ ಮೇಲೆ ಒಂದು ನಮಸ್ಕಾರ. ಅಲ್ಲಿಯವರೆಗೆ ಯಾರದೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಅದನ್ನು ಆರಿಸುವ ವಿಷಯಕ್ಕೆ.

ನಾನು ಅಂಕಲಗಿಯ ಹುಡುಗಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇನ್ನೊಂದೇ ವರ್ಷ ಇದೆ ಎನ್ನುವಾಗ ಸಾಲಿ ಬಿಡಿಸಿ, ಮದುವೆ ಮಾಡಿ, ಹುಕ್ಕೇರಿಗೆ ಕಳಿಸಿದರು. ನನ್ನ ಗಂಡ ಗೋಕಾಕದ ಒಂದು ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾನು. ಮಾವ ಕುರಿಗಾರರ ಮನೆತನದವರು. ದಡ್ಡಿ, ತುಕ್ಕಾನಟ್ಟಿ ಕಡೆಯ ಕುರಿಗಾರರಿಂದ ಕಂಬಳಿ ಕೊಂಡು ಸಂತೆಗಳಲ್ಲಿ ಮಾರುತ್ತಿದ್ದರು. ನಮ್ಮ ಪಡಸಾಲೆಯ ಅರ್ಧ ಜಾಗ ಕಂಬಳಿಗಳದು, ಉಳಿದರ್ಧ ಮಾವನದು.

"ಮುಲ್ಕಿ ಕಟ್ಟು, ಪಾಸಾದ್ರ ನಿನಗೂ ಮಾಸ್ತರಿಕಿ ಸಿಗತೈತಿ," ಎಂದು ಮದುವೆಯಾದ ಹೊಸತರಲ್ಲೇ ಗಂಡ ಹೇಳಿದ್ದರು. ಹೇಳಿ ಗೋಕಾಕದ ಮೋಟಾರು ಹತ್ತಿದರು. ಗಂಡಸರಿಗೆ ಹೇಳುವುದು ಎಷ್ಟು ಸಲೀಸು ನೋಡಿ. ಹಗಲೆಲ್ಲ ನೀರು, ರೊಟ್ಟಿ, ಉಣ್ಣೆ ಬಿಡಿಸುವುದು. ಪುಸ್ತಕ ಕೈಗೆ ಬರುವುದು ಊಟ ಮುಗಿದ ಮೇಲೆ, ಚಿಮಣಿ ದೀಪದ ಮುಂದೆ. ಸೀಮೆಎಣ್ಣೆಯ ಹೊಗೆಗೆ ಕಣ್ಣು ಉರಿದು ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಬೆಳಿಗ್ಗೆ ಮೂಗಿನಲ್ಲಿ ಕಾಡಿಗೆ. ಭೂಗೋಳದ ಎರಡು ಪುಟ ದಾಟಲು ಒಂದು ವಾರ ಹಿಡಿಯಿತೆಂದರೆ ಪರೀಕ್ಷೆಯ ಆಸೆ ಯಾರಿಗೆ ಉಳಿದೀತು? ಅಂಥ ಹೊತ್ತಿಗೆ ನಮ್ಮ ಓಣಿಗೆ ಕರೆಂಟಿನ ತಂತಿ ಬಂತು. ಮಾವ ಹಿಂದೆ ಮುಂದೆ ನೋಡಿ ಕಡೆಗೂ ಒಪ್ಪಿದರು. ಒಂದೇ ಬಲ್ಬು, ಅದೂ ಪಡಸಾಲೆಯಲ್ಲಿ. ಅದು ಹತ್ತಿದ ಮೊದಲ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪುಸ್ತಕ ತೆರೆದೆ. ಅಕ್ಷರಗಳು ಒಂದೊಂದೂ ತಮ್ಮ ಜಾಗದಲ್ಲಿ ನೆಟ್ಟಗೆ ನಿಂತಿದ್ದವು. ನನಗೆ ಕುಣಿಯಬೇಕೆನಿಸಿತು.

ಊಟ ಮುಗಿಸಿ ಮಾವ ಸ್ವಿಚ್ಚಿನ ಕಡೆ ಕೈ ಚಾಚಿದರು. ಅತ್ತೆ ಅಡ್ಡ ನಿಂತರು.

"ಏನ್ ಮಾಡಾಕತ್ತೀರಿ? ಸಂಜೀಕ ಹಚ್ಚಿದ ದೀಪ ಯಾರರ ಕೈಯಾರೆ ಆರಸ್ತಾರೇನ್ರಿ? ಲಕ್ಷ್ಮೀನ್ನ ಕುತಗಿ ಹಿಡದು ಹೊರಗ ಹಾಕಿದಂಗ!"

ಮಾವ ಕೈ ಹಿಂದೆ ತೆಗೆದುಕೊಂಡರು. ಸಂಪ್ರದಾಯ ಖರೆಯೇ. ನಮ್ಮಲ್ಲಿ ಸಂಜೆಯ ದೀಪಕ್ಕೆ ಎಣ್ಣೆಯನ್ನು ಅಳತೆ ನೋಡಿ ಹಾಕುತ್ತಿದ್ದರು. ಎಣ್ಣೆ ತೀರಿದ ಮೇಲೆ ದೀಪ ತಾನಾಗಿ ಶಾಂತವಾಗುತ್ತಿತ್ತು, ಆರಿಸಿದ ಪಾಪ ಯಾರಿಗೂ ಬರುತ್ತಿರಲಿಲ್ಲ. ಆದರೆ ತಂತಿಯ ಎಣ್ಣೆ ತೀರುವುದು ಯಾವಾಗ? ಬಲ್ಬು ಬೆಳತನಕ ಉರಿಯಿತು. ಸೂರ್ಯ ಬಂದ ಮೇಲೆ ಅತ್ತೆ, "ಇನ್ನ ನೀ ದಣಿವಾರಸ್ಕೋ, ನಮ್ಮವ್ವ," ಎಂದು ಬಲ್ಬಿಗೆ ಹೇಳಿ ಸ್ವಿಚ್ಚು ಮೇಲೆ ಮಾಡಿದರು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

ಮೊದಲ ಬಿಲ್ಲು ಬಂದ ದಿನ ಮಾವ ಕೂಗಾಡಿದ್ದು ಓಣಿಯ ಆ ತುದಿಗೆ ಕೇಳಿಸಿತು.

"ಎಣ್ಣಿ ಡಬ್ಬಿ ತಂದಿಟ್ಟಿದ್ರ ಇದಕ್ಕಿಂತ ಸೋವಿ ಆಕ್ಕಿತ್ತು! ಮುಂದಿನ ಬಿಲ್ಲಿನಾಗ ಇದು ಇಳೀಲಿಲ್ಲಂದ್ರ ತಂತಿ ಕಡಿಸಿ ಒಗೀತೇನಿ. ಆಮ್ಯಾಲ ನನಗ ಅನಬ್ಯಾಡ್ರಿ."

ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ತಂತಿ ಹೋದರೆ ಮತ್ತೆ ಚಿಮಣಿ. ಚಿಮಣಿ ಬಂದರೆ ಮುಲ್ಕಿ ಹೋಯಿತು. ಮುಂದೆ ಬಾಳೆಲ್ಲ ಉಣ್ಣೆ ಬಿಡಿಸುವುದೇ ಗತಿ.

ಅಂದಿನಿಂದ ಮಾವ ಸಂಜೆಯಾದರೆ ಮೀಟರಿನ ಮುಂದೆ ಕೂತರು. ಗಾಜಿನ ಹಿಂದೆ ಒಂದು ತಟ್ಟೆ ಮೆಲ್ಲಗೆ ತಿರುಗುತ್ತಿತ್ತಲ್ಲ, ಅದರ ಮೇಲೆ ಅವರಿಗೆ ಎಲ್ಲಿಲ್ಲದ ಸಿಟ್ಟು. "ನಾ ಊರೂರು ತಿರಗಿ ಗಳಸ್ತೇನಿ, ಇದು ಕುಂತಲ್ಲೇ ತಿರಗಿ ತಿಂತೈತಿ," ಎನ್ನುತ್ತಿದ್ದರು. ಅತ್ತೆ ಒಂದು ಹಳೆಯ ಕಂಬಳಿ ತುಂಡನ್ನು ಮೀಟರಿನ ಮೇಲೆ ಇಳಿಬಿಟ್ಟರು. ಕೇಳಿದರೆ, ದೃಷ್ಟಿಯಾಗಬಾರದು ಎಂದರು. ಮಾವ ಅದನ್ನು ಸರಿಸಿ ಸರಿಸಿ ನೋಡುತ್ತಿದ್ದರು, ನೆರೆಮನೆಯ ಕಿಟಕಿಯಲ್ಲಿ ಹಣಿಕಿ ಹಾಕುವವರ ಹಾಗೆ.

ಅತ್ತೆ ಮಾತ್ರ ಬಿಲ್ಲು ಇಳಿಸಲು ಸೊಂಟ ಕಟ್ಟಿ ನಿಂತರು. ಮಣ್ಣಿನ ಮಾಳಿಗೆಯ ಬೆಳಕಿಂಡಿಯ ಮೇಲೆ ಮಳೆಗಾಲದಿಂದ ಬೋರಲು ಹಾಕಿದ್ದ ಗಡಿಗೆಯನ್ನು ತೆಗೆಸಿದರು. ಅಡುಗೆಮನೆಗೆ ಇಳಿಹೊತ್ತಿನವರೆಗೆ ಬೆಳಕು ಬಿತ್ತು. ಹೊತ್ತು ಮುಳುಗುವ ಮೊದಲೇ ಅಡುಗೆ, ಊಟ ಎರಡೂ ಮುಗಿಯಬೇಕೆಂದರು. ಹಸಿವಾಗುವ ಮುಂಚೆಯೇ ಉಣ್ಣಬೇಕಾಗಿ ಬಂದು ಮಾವ ಗೊಣಗಿದರು. ಹೊಗೆಗೆ ಕಪ್ಪಾಗಿದ್ದ ಪಡಸಾಲೆಯ ಗೋಡೆಗೆ ನಾವಿಬ್ಬರೂ ಸುಣ್ಣ ಬಳಿದೆವು. ಅದೇ ಬಲ್ಬು, ಆದರೆ ಸುಣ್ಣದ ಗೋಡೆಗೆ ಬಿದ್ದ ಬೆಳಕು ತಿರುಗಿ ನಮ್ಮ ಮೇಲೆ ಬರುತ್ತಿತ್ತು. ದಿನಾ ಹಗಲು ಬಲ್ಬಿನ ಮೇಲಿನ ಧೂಳನ್ನು ಒಣ ಅರಿವೆಯಿಂದ ಒರೆಸುವುದು ನನ್ನ ಪಾಲಿನ ಕೆಲಸ. ಇವೆಲ್ಲ ಇವತ್ತಿಗೂ ನಡೆಯುವ ಉಪಾಯಗಳೇ. ಈಗ ನಮ್ಮ ಮನೆಯಲ್ಲಿ ಹಗಲು ಹೊತ್ತು ಪರದೆ ಎಳೆದು ದೀಪ ಹಾಕಿಕೊಂಡು ಕೂಡುತ್ತಾರೆ. ಪರದೆ ಸರಿಸಲು ಹೋದರೆ ಮುದುಕಿಗೆ ಅರಳುಮರಳು ಎನ್ನುತ್ತಾರೆ.

ಆದರೂ ಬಲ್ಬು ಬೆಳತನಕ ಉರಿಯುವುದು ನಿಲ್ಲಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ.

"ಅತ್ತಿ, ಇಷ್ಟೆಲ್ಲಾ ಒದ್ದಾಡೂ ಬದಲಿ ಮಲಗೂ ಮುಂದ ಆರಸಿದ್ರ ಆತಲ್ರಿ?"

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಆರಸೂದು ಒಮ್ಮಿ ಚಾಲೂ ಆತಂದ್ರ ನಿಮ್ಮ ಮಾವ ದೀಪಕ್ಕ ಕೈ ಮುಗದ ಕೂಡ್ಲೆ ಆರಸ್ತಾರ. ಆಮ್ಯಾಲ ನೀ ಏನ್ ಓದ್ತಿ, ನನ್ನ ಮಾರಿ? ನಾ ಕತ್ತಲಾಗ ನೂಲ ತಗ್ಯಾಕಿ, ನನಗ್ಯಾಕ ಬೇಕ ಬಲ್ಬ್? ಶಾಸ್ತ್ರ ಖರೇನ ಐತಿ. ಅದನ್ನ ಎಷ್ಟ ಜಗ್ಗಬೇಕಂತ ನನಗ ಗೊತ್ತೈತಿ."

ಓದು ಬರಹ ಬಾರದ ಹೆಂಗಸು, ಸೊಸೆಯ ಪುಸ್ತಕದ ಕಡೆ ಒಮ್ಮೆಯೂ ತಿರುಗಿ ನೋಡದ ಹೆಂಗಸು! ಹೆತ್ತ ತಾಯಿಯೂ ನನ್ನ ಸಲುವಾಗಿ ಅಷ್ಟು ಸುಳ್ಳು ಭಕ್ತಿ ಮಾಡಿರಲಿಲ್ಲ. ಆ ದಿನದಿಂದ ಅವರ ಮೇಲೆ ನನಗೆ ಎಷ್ಟು ಪ್ರೀತಿ ಹುಟ್ಟಿತೆಂದರೆ, ಅವರು ಬೈದರೂ ನಗು ಬರುತ್ತಿತ್ತು.

ಮಾವನೂ ಸುಮ್ಮನೆ ಕೂಡುವವರಲ್ಲ. ಶಾಸ್ತ್ರಕ್ಕೆ ಶಾಸ್ತ್ರವೇ ಮದ್ದು ಎಂದು ಊರ ಅಯ್ಯನವರ ಹತ್ತಿರ ಹೋದರು. ಸಂಜೆಯ ದೀಪಕ್ಕೆ ಹಾಲಲ್ಲಿ ಅದ್ದಿದ ಹೂವು ಮುಟ್ಟಿಸಿ ಶಾಂತ ಮಾಡಿದರೆ ದೋಷವಿಲ್ಲ ಎಂದು ಅಯ್ಯನವರು ಹೇಳಿದರಂತೆ. ಯಾವ ದೀಪ ಎಂದು ಅಯ್ಯನವರು ಕೇಳಲಿಲ್ಲ, ಮಾವ ಹೇಳಲಿಲ್ಲ. ಅಂದು ರಾತ್ರಿ ಮಾವ ಜಂಬದಿಂದ ಮೀಸೆ ತಿರುವುತ್ತ ಕೂತರು. ಅತ್ತೆಗೆ ಬೇರೆ ದಾರಿ ಉಳಿಯಲಿಲ್ಲ. ಬಲ್ಬು ಎತ್ತರಕ್ಕಿತ್ತಾದ್ದರಿಂದ ಜೋಳದ ದಂಟಿನ ತುದಿಗೆ ಒಂದು ಸೇವಂತಿಗೆ ಕಟ್ಟಿ, ಹಾಲಲ್ಲಿ ಅದ್ದಿ, ಸೆರಗು ಹೊದ್ದು, ಕಾದು ಕೆಂಡವಾಗಿದ್ದ ಬಲ್ಬಿಗೆ ಭಕ್ತಿಯಿಂದ ಮುಟ್ಟಿಸಿದರು.

ಫಟ್ ಎಂದಿತು. ಗಾಜು ಉದುರಿತು, ಮನೆ ಕತ್ತಲಾಯಿತು.

"ಶಾಂತ ಆತೇನು?" ಎಂದು ಕತ್ತಲಲ್ಲಿ ಮಾವನ ದನಿ ಕೇಳಿತು.

"ಆತ್ರಿ," ಎಂದರು ಅತ್ತೆ. "ಭಾಳ ಶಾಂತ ಆತು."

ನಾನು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ. ನಕ್ಕು ಮುಗಿದ ಮೇಲೆ ಅಳು ಬಂತು. ಬಲ್ಬು ಹೋಯಿತಲ್ಲ! ಬೆಳಿಗ್ಗೆ ಮಾವ ಹೇಳಿದ್ದೂ ಅದನ್ನೇ: "ಹೋದದ್ದು ಹೋತು, ಪೀಡಾ ಕಳೀತು. ಇನ್ನ ಚಿಮಣಿ ಸಾಕು."

ಅತ್ತೆ ತಲೆಯ ಮೇಲೆ ಕೈ ಹೊತ್ತು ಕಂಬಳಿಗಳ ಹತ್ತಿರ ಕೂತಿದ್ದರು. "ಚಿಮಣಿ ಸಾಕ ಅಂತೀರಿ. ಮನೀ ದೀಪ ಒಡದೈತಿ. ಹೊತ್ತು ಮುಣಗೂದ್ರಾಗ ಯಜಮಾನ ತನ್ನ ಕೈಯಾರೆ ಹೊಸಾದು ತಂದು ಹಚ್ಚಲಿಲ್ಲಂದ್ರ ವ್ಯಾಪಾರಕ್ಕ ಏಳಿಗಿ ಇಲ್ಲಂತ. ನನಗೇನ ಬಿಡ್ರಿ, ಸಂತೀಗಿ ಹೋಗವ್ರು ನೀವು."

ಆ ಶಾಸ್ತ್ರವನ್ನು ನಾನೆಂದೂ ಕೇಳಿರಲಿಲ್ಲ. ಆ ಬೆಳಗಿನವರೆಗೆ ಅತ್ತೆಯೂ ಕೇಳಿರಲಿಕ್ಕಿಲ್ಲ. ಮಾವ ಚಪ್ಪಲಿ ಮೆಟ್ಟಿ ಪೇಟೆಗೆ ಹೋದರು. ತಂದದ್ದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಬಲ್ಬು. ಸಣ್ಣದು ಕಡಿಮೆ ಕರೆಂಟು ತಿನ್ನುತ್ತದೆಂದು ಅಂಗಡಿಯವ ಹೇಳಿದ್ದನಂತೆ. ಅತ್ತೆಯೂ ಒಂದು ಮೆಟ್ಟಿಲು ಇಳಿದರು. ಹಾಲು ಇದಕ್ಕೆ ಆಗಿಬರುವುದಿಲ್ಲ, ಸ್ವಿಚ್ಚು ಮೇಲೆ ಮಾಡುವುದೇ ಇದರ ಶಾಂತಿ ಎಂದು ತೀರ್ಪು ಕೊಟ್ಟರು. ಆದರೆ ಸೊಸೆ ಪುಸ್ತಕ ಮುಚ್ಚಿದ ಮೇಲೆ ಮಾತ್ರ. ಮಾವ ಹೂಂ ಎಂದರು. ಮೀಟರಿನ ತಟ್ಟೆ ಈಗ ತಿರುಗುತ್ತಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗಿತ್ತು, ಅಷ್ಟರಿಂದಲೇ ಅವರು ಖುಷಿಯಾಗಿದ್ದರು.

ನಾನು ಖುಷಿಯಾಗಿರಲಿಲ್ಲ. ಆ ಬಲ್ಬಿನ ಬೆಳಕಿನಲ್ಲಿ ಬಂದವರು ಮನುಷ್ಯರೋ ಮೇಕೆಯೋ ಎಂದು ತಿಳಿಯುತ್ತಿತ್ತೇ ಹೊರತು ಹೊಸ್ತಿಲಲ್ಲಿ ಕೂತವಳಿಗೆ ಅಕ್ಷರ ಕಾಣುತ್ತಿರಲಿಲ್ಲ. ಬಲ್ಬು ಕೆಳಗೆ ಬರುವಂತೆ ತಂತಿ ಇಳಿಸಲು ಮತ್ತೆ ಖರ್ಚು ಎಂದು ಮಾವ ಬಿಲ್‌ಕುಲ್ ಒಪ್ಪಲಿಲ್ಲ. ಅವರು ಹೊರಗೆ ಕಟ್ಟೆಗೆ ಹೋದಾಗ ಬಲ್ಬಿನ ಕೆಳಗೆ ನಿಂತು ಪುಸ್ತಕ ಮೇಲಕ್ಕೆ ಹಿಡಿದು ಓದಿದೆ. ತೋಳು ಸೋತು ಬಂದವು. ಅತ್ತೆ ನನ್ನನ್ನೊಮ್ಮೆ ನೋಡಿದರು, ಬಲ್ಬಿನ ಕೆಳಗೇ ಎದೆಮಟ್ಟ ಒಟ್ಟಿದ್ದ ಕಂಬಳಿಗಳನ್ನೊಮ್ಮೆ ನೋಡಿದರು.

"ಏರು," ಎಂದರು.

ಏರಿ ಕೂತೆ. ಬಲ್ಬು ತಲೆಯಿಂದ ಒಂದು ಗೇಣು ಮೇಲೆ, ಅಕ್ಷರ ನಿಚ್ಚಳ. ಇತಿಹಾಸದ ಒಂದು ಪಾಠ ಮುಗಿಯಬೇಕೆನ್ನುವಾಗ ಮಾವ ಒಳಗೆ ಬಂದರು. ಆ ಕಾಲದಲ್ಲಿ ಸೊಸೆ ಮಾವನ ಎದುರು ನೆಲದ ಮೇಲೂ ಕೂಡುತ್ತಿರಲಿಲ್ಲ, ಬಾಗಿಲ ಮರೆಯಿಂದ ಮಾತಾಡುತ್ತಿದ್ದಳು. ನಾನು ಅವರ ರುಮಾಲಿಗಿಂತ ಎತ್ತರದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ.

"ಇದೇನಿದು!" ಎಂದರು ಮಾವ. ನನ್ನನ್ನು ನೋಡಬಾರದೆಂದು ಗೋಡೆಗೆ ಹೇಳಿದರು. "ಕಂಬಳಿ ಅಂದ್ರ ನಮಗ ಗದ್ದಿಗಿ. ದೇವರನ್ನ ಕುಂದರ್ಸತೇವಿ, ಗುರುವನ್ನ ಕುಂದರ್ಸತೇವಿ. ಸೊಸೀನ್ನ ಕುಂದರ್ಸೂದು ಯಾವ ಊರಾಗೈತಿ?"

"ಹಂಗಾರ ದೊಡ್ಡ ಬಲ್ಬ್ ತರ್ರಿ," ಎಂದರು ಅತ್ತೆ, ನೂಲಿನಿಂದ ಕಣ್ಣು ಎತ್ತದೆ. "ಕೆಳಗ ಕುಂತು ಓದ್ತಾಳ."

ಮಾವ ಬಲ್ಬು ನೋಡಿದರು, ಮೀಟರು ನೋಡಿದರು, ಹೊರಗೆ ಹೋದರು. ಅಂದಿನಿಂದ ನಾನು ಓದುವಷ್ಟು ಹೊತ್ತು ಅವರು ಕಟ್ಟೆಯ ಮೇಲೇ ಇರುತ್ತಿದ್ದರು. ಒಳಗೆ ಬರಬೇಕಾದರೆ ದೊಡ್ಡದಾಗಿ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದೊಡನೆ ನಾನು ಜಿಗಿದು ಅಡುಗೆಮನೆ ಸೇರುತ್ತಿದ್ದೆ. ಆ ಬಲ್ಬಿನ ಕೆಳಗೆ ನಮ್ಮ ಮನೆಯ ಸಂಸಾರ ಹೀಗೆ ಸಾಗಿತ್ತು.

ನಾನು ಮುಲ್ಕಿ ಪಾಸಾದೆ, ಮಾಸ್ತರಿಣಿಯಾದೆ, ಪಗಾರ ತಂದೆ. ಅವೆಲ್ಲ ಆಮೇಲಿನ ಮಾತು. ನನಗೆ ಎದ್ದು ಕಾಣುವುದು ಎರಡನೆಯ ಬಿಲ್ಲು ಬಂದ ಸಂಜೆ. ಬಿಲ್ಲು ಇಳಿದಿತ್ತು, ತಂತಿ ಉಳಿದಿತ್ತು. ಮಾವ ಅದನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ತೋರಿಸಿದ್ದರು. ನಾನು ಕಂಬಳಿಗಳ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದೆ. ಕೆಮ್ಮು ಕೇಳಲಿಲ್ಲ. ತಲೆಯೆತ್ತಿದರೆ ಮಾವ ಎದುರಿಗೇ ನಿಂತಿದ್ದರು, ಹೆಗಲ ಮೇಲೆ ಮಡಿಸಿದ ಕರಿಯ ಕಂಬಳಿ. ಅದು ಸಂತೆಯ ಮಾಲಲ್ಲ. ದೇವರ ಗದ್ದುಗೆಗೆಂದು ಬೇರೆ ಎತ್ತಿಟ್ಟು, ಯಾರಿಗೂ ಮುಟ್ಟಗೊಡದೆ ಇದ್ದದ್ದು.

"ಇಳಿ," ಎಂದರು. ನನ್ನ ಜೊತೆ ಅವರು ನೇರ ಆಡಿದ ಮೊದಲ ಮಾತು ಅದು.

ಓದು ಇವತ್ತಿಗೆ ಮುಗಿಯಿತು ಎಂದುಕೊಂಡು ಇಳಿದು, ಪುಸ್ತಕ ಎದೆಗವಚಿಕೊಂಡು ನಿಂತೆ. ಮಾವ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಮಡಿಕೆಯಲ್ಲೇ ಒಟ್ಟಿಲಿನ ಮೇಲೆ ಹಾಸಿದರು. ಮೂಲೆ ಮೂಲೆಗೂ ಕೈಯಾಡಿಸಿ ಸುಕ್ಕು ಬಿಡಿಸಿದರು.

"ಇನ್ನ ಏರವ್ವಾ," ಎಂದರು. "ಬಲ್ಬಿನ ಕಡೆ ನಾಕ ಬೆರಳ ಮ್ಯಾಲ ಹೋಗ್ತಿ."