ಅದಲುಬದಲು ಮಾಡಿದ ಎರಡು ವೈರು

ನನ್ನ ಭಾವ ಅಂಗಡಿ ಬೋರ್ಡ್ ಬರೆಯುವವರು. ಸ್ಕೇಲು ಮುಟ್ಟದೆ, ಏಣಿಯ ಮೇಲೆ ನಿಂತು, ಒಂದೇ ಉಸಿರಿನಲ್ಲಿ ನೆಟ್ಟನೆ ಗೆರೆ ಎಳೆಯುವ ಕೈ ಅವರದು. "ಊರ ಬೋರ್ಡೆಲ್ಲ ನೆಟ್ಟಗಿದೆ, ನಮ್ಮನೆ ಕ್ಯಾಲೆಂಡರ್ ಮಾತ್ರ ಸೊಟ್ಟಗೇ ನೇತಾಡ್ತಿದೆ" ಎಂದು ಅಕ್ಕ ಚುಚ್ಚುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅದೇ ಕೈ ವಿಮಾನದ ಹಿಡಿಕೆ ಹಿಡಿಯುತ್ತಿತ್ತು. ನಮ್ಮದು ದಾರ ಕಟ್ಟಿ ಹಾರಿಸುವ ಪುಟ್ಟ ಮಾದರಿ ವಿಮಾನ. ಉಕ್ಕಿನವಾದರೂ ನಾವು ದಾರ ಎಂದೇ ಕರೆಯುವ ಎರಡು ಎಳೆಗಳು ಎಡರೆಕ್ಕೆಯಿಂದ ಹಿಡಿಕೆಗೆ ಬರುತ್ತವೆ. ಮೈದಾನದ ನಡುವೆ ನಿಂತವರು ತಿರುಗುತ್ತಾರೆ, ವಿಮಾನ ಸುತ್ತ ಹಾರುತ್ತದೆ. ದಾರ ಬಿಗಿಯಾಗಿರುವ ತನಕ ಅದು ಮಾತು ಕೇಳುತ್ತದೆ, ಸಡಿಲವಾಯಿತೋ ಕೆಟ್ಟಿತು. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ನಾನು ಕಟ್ಟುವವನು, ಭಾವ ಹಾರಿಸುವವರು. ಮೂವತ್ತು ವರ್ಷ ಅವರು ಮೋಟಾರಿನ ಕಡೆ ಒಮ್ಮೆಯೂ ಬಗ್ಗಿ ನೋಡಲಿಲ್ಲ, ನಾನು ಹಿಡಿಕೆಗೆ ಕೈ ಹಾಕಲಿಲ್ಲ.

ಹಳೆಯ ಎಣ್ಣೆ ಎಂಜಿನ್ ಒಂದೇ ಕಡೆ ತಿರುಗುತ್ತಿತ್ತು. ಈಚೆಗೆ ಹಾಕಿದ ಬ್ಯಾಟರಿ ಮೋಟಾರು ಹಾಗಲ್ಲ, ಅದರ ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಹಾಗೆ ತಿರುಗಿಸಿದರೆ ನೆಲ ಬಿಡುವಾಗ ವಿಮಾನ ಹೊರಗಡೆ ವಾಲಿ ದಾರ ಚೆನ್ನಾಗಿ ಬಿಗಿಯುತ್ತದೆ. ನಾನು ಜಂಭಪಟ್ಟು ಎರಡು ವೈರು ಬದಲಿಸಿದೆ, ಅದಕ್ಕೆ ತಕ್ಕ ಉಲ್ಟಾ ಪ್ರೊಪೆಲ್ಲರ್ ಹಾಕಿದೆ. ಭಾವನಿಗೆ ಹೇಳಲಿಲ್ಲ. ಹಾರಿಸಿ ಬೆರಗಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಎರಡು ಸುತ್ತು ವಿಮಾನ ಸೊಗಸಾಗಿ ಹಾರಿತು. ಮೂರನೆಯದರಲ್ಲಿ ಭಾವ ಲಾಗ ಹಾಕಿಸಲು ಮೂತಿಯನ್ನು ಸರ್ರನೆ ಮೇಲೆತ್ತಿದರು. ಹಳೆಯ ಕ್ರಮದಲ್ಲಿ ಮೂತಿ ಕೆಳಗಿಳಿಸಿದಾಗ, ತಿರುಗುವ ಪ್ರೊಪೆಲ್ಲರಿನ ಸೆಳೆತಕ್ಕೆ ಅದು ಒಳಕ್ಕೆ ತಿರುಗಿ ದಾರ ಸಡಿಲವಾಗುತ್ತಿತ್ತು, ಆಗ ದಾರ ಬಿಗಿಯಲು ಅವರ ಕಾಲು ತಾನಾಗಿಯೇ ಹಿಂದೆ ಹೋಗುತ್ತಿತ್ತು. ಈಗ ಎಲ್ಲ ತಿರುಗುಮುರುಗು. ಮೇಲೆತ್ತಿದ್ದಕ್ಕೇ ಮೂತಿ ಒಳಕ್ಕೆ ಬಂತು, ದಾರ ಜೋತುಬಿತ್ತು, ಅವರ ಕಾಲು ನಿಂತಲ್ಲೇ ನಿಂತಿತ್ತು. ವಿಮಾನ ಅವರ ತಲೆಯ ಮೇಲಿಂದ ಹಾದು ನೆಲ ಕಚ್ಚಿತು.

ಭಾವ ಮುರಿದ ರೆಕ್ಕೆ ಎತ್ತಿಕೊಂಡರು. "ನಿಂದೇನೂ ತಪ್ಪಿಲ್ಲಪ್ಪಾ. ನನ್ನ ಕೈಯೇ ತಡ ಆಯ್ತು. ವಯಸ್ಸಾಯ್ತು ನೋಡು."

"ಇಲ್ಲ ಭಾವ, ಗಾಳಿ ಜೋರಿತ್ತು" ಎಂದೆ. ಅಂದು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

ಆ ಉಲ್ಟಾ ಪ್ರೊಪೆಲ್ಲರ್ ಒಂದಿಷ್ಟೂ ಮುಕ್ಕಾಗಿರಲಿಲ್ಲ. ಅದನ್ನು ಅಂಗಡಿಯ ಡ್ರಾಯರಿನಲ್ಲಿ, ತಾಮ್ರದ ವೈರಿನ ಉಂಡೆಗಳ ಕೆಳಗೆ ಹುದುಗಿಸಿದೆ. ನಾಳೆ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಎಂದು ಎಂಟು ತಿಂಗಳು ಕಳೆದೆ. ಹೇಡಿ ನಾನು, ಬೇರೆ ಮಾತಿಲ್ಲ.

ಒಂದು ದಿನ ಅಕ್ಕ ಅಂಗಡಿಗೆ ಬಂದಳು. "ಬೋರ್ಡ್ ಕೆಲ್ಸ ಬಂದ್ರೆ ಬೇಡ ಅಂತಿದ್ದಾರೆ. ಕೈ ನಂಬೋ ಹಾಗಿಲ್ವಂತೆ. ಏಣೀನೂ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ರು. ಟೀ ಲೋಟಾನ ಎರಡೂ ಕೈಲಿ ಹಿಡ್ಕೊಂಡು ಕುಡೀತಾರೆ."

ಆ ಲೋಟದ ಮಾತು ಕೇಳಿದ ಮೇಲೆ ಕೂರಲಾಗಲಿಲ್ಲ. ಪ್ರೊಪೆಲ್ಲರ್ ಹೊರತೆಗೆದುಕೊಂಡು ಅವಳ ಜೊತೆಯಲ್ಲೇ ಹೋದೆ. ಭಾವನ ಮುಂದೆ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಹಾರಿಸೋನು ನಾನು. ನನಗೊಂದು ಮಾತು ಹೇಳೋಕೆ ಏನಾಗಿತ್ತು?" ಎಂದರು. ಪ್ರೊಪೆಲ್ಲರನ್ನು ನನ್ನ ಕಡೆ ತಳ್ಳಿ, "ಹಳೇ ಥರ ತಿರುಗೋದನ್ನ ಒಂದು ಕಟ್ಟು" ಎಂದರು.

ಕಟ್ಟಿದೆ. ಮೈದಾನದಲ್ಲಿ ಮೂರು ಲಾಗ ಹಾಕಿಸಿದರು. ಮೂತಿ ಕೆಳಗಿಳಿದಾಗಲೆಲ್ಲ ಕಾಲು ಹಿಂದೆ ಹೋಯಿತು, ದಾರ ಬಿಗಿಯಾಗಿಯೇ ಇತ್ತು. ಇಳಿಸಿದ ಮೇಲೆ ಅಂಗೈಯನ್ನು ಬಿಡಿಸಿ ನೋಡಿಕೊಂಡರು.

"ಎಂಟು ತಿಂಗಳು ಇದನ್ನ ಬೈದಿದ್ದೀನಿ" ಎಂದರು.

ಈಗ ಏಣಿ ಮನೆಗೆ ಮರಳಿದೆ. ಬೋರ್ಡ್ ಬರೆಯುತ್ತಾರೆ, ನನ್ನ ಜೊತೆ ನಗುತ್ತಾರೆ, ಅಕ್ಕನ ಮುಂದೆ ಆ ಮಾತೆತ್ತುವುದಿಲ್ಲ. ಆದರೆ ಪ್ರತಿ ಭಾನುವಾರ, ಹಿಡಿಕೆ ಕೈಗೆತ್ತಿಕೊಳ್ಳುವ ಮುಂಚೆ, "ಯಾವ ಕಡೆ?" ಎಂದು ಕೇಳುತ್ತಾರೆ. ಹಳೆಯ ಕಡೆಗೇ ಭಾವ, ಎನ್ನುತ್ತೇನೆ. ಕೇಳಿಸಿಕೊಳ್ಳುತ್ತಾರೆ. ಆಮೇಲೂ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಮ್ಮೆ ತಿರುಗಿಸಲು ಹೇಳಿ, ಬಗ್ಗಿ ನೋಡುತ್ತಾರೆ.