ತಾಳಬೆಟ್ಟದಿಂದ ಮೊದಲನೇ ಗೇರಿನಲ್ಲಿ

ಊರಿಗೊಂದು ಕಾರಿದ್ದರೆ ಅದೇ ಹೆಚ್ಚು ಎನ್ನುತ್ತಿದ್ದ ದಿನಗಳವು. ನಮ್ಮ ಧನಗೆರೆಗೆ ಕಾರು ಬಂದರೆ ಒಂದೋ ಮದುವೆ ಗಂಡಿನದು, ಇಲ್ಲವೇ ಓಟು ಕೇಳುವವರದು. ಅಂಥ ಊರಿಗೆ ನಮ್ಮಪ್ಪ ಒಂದು ಸಂಜೆ ಸ್ವಂತ ಕಾರು ತಂದು ನಿಲ್ಲಿಸಿದ. ಅದರ ಹೆಸರು ಹೇಳುವುದೇ ಬೇಡ. ಇಡೀ ದೇಶವೇ ಕೂತು ಓಡಾಡಿದ ಪುಟ್ಟ ಕಾರು ಅದು, ನಿಮ್ಮ ಬೀದಿಯಲ್ಲೂ ಒಂದು ಇದ್ದೇ ಇತ್ತು. ನಮ್ಮದು ಅದರ ಮೊದಲ ಅವತಾರ. ಚೌಕ ಮೂತಿ, ಕೆನೆ ಬಣ್ಣ, ಬೆಂಕಿಪೊಟ್ಟಣಕ್ಕೆ ಚಕ್ರ ಕಟ್ಟಿದ ಹಾಗಿತ್ತು. ಮೈಸೂರಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟದ್ದು. ಒಳಗೆ ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ, ಅದರ ಜೊತೆಗೆ ಒಂದಿಷ್ಟು ಪೆಟ್ರೋಲು. ನಾನು ಬಾಗಿಲು ತೆಗೆದು ತೆಗೆದು ಮೂಗು ತುಂಬಿಕೊಳ್ಳುತ್ತಿದ್ದೆ.

ಅಪ್ಪ ಬಾನೆಟ್ ಎತ್ತಿ ತೋರಿಸಿದಾಗ ಎದುರು ಮನೆಯ ಮಾದಣ್ಣ ಬಗ್ಗಿ ನೋಡಿ, “ಇಸ್ಟೇಯಾ ಮೇಷ್ಟ್ರೇ ಇಂಜಿನ್ನು? ನಮ್ ಪಂಪ್‌ಸೆಟ್ಟೇ ಇದ್ಕಿಂತ ದೊಡ್ಡದದೆ ಕಣ್ರಿ” ಎಂದಿದ್ದ. ಯಳಂದೂರಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅಪ್ಪನಿಗೆ ಆ ಮಾತು ಸ್ವಲ್ಪವೂ ಹಿಡಿಸಲಿಲ್ಲ.

ಅಪ್ಪ ಕಾರು ತಂದದ್ದು ಜಂಬಕ್ಕಲ್ಲ, ಅಜ್ಜಿಗಾಗಿ. ಅಜ್ಜಿ ಪ್ರತಿ ಬೇಸಿಗೆಯಲ್ಲಿ ಒಂದು ಸೋಮವಾರ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದಳು. ತಾಳಬೆಟ್ಟದವರೆಗೆ ಬಸ್ಸು, ಅಲ್ಲಿಂದ ಮೇಲಕ್ಕೆ ಬರಿಗಾಲು. ಆ ವರ್ಷ ಅವಳ ಬಲಮಂಡಿ ಊದಿಕೊಂಡು, ಹಿತ್ತಿಲಿಗೆ ಹೋಗಿ ಬರಲೂ ಗೋಡೆ ಹಿಡಿಯಬೇಕಾಗಿತ್ತು. “ಈ ಸಲ ಅವ್ವನ್ನ ರಾಣಿ ತರ ಕರ್ಕಂಡೋಯ್ತೀನಿ” ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಅಪ್ಪನಿಗೆ ಕಾರು ಬಿಡಲು ಬರುತ್ತಿದ್ದದ್ದು ಕೊಳ್ಳೇಗಾಲದ ಮಟ್ಟಸ ರಸ್ತೆಯಲ್ಲಿ ಮಾತ್ರ. ಬೆಟ್ಟದ ತಿರುವುಗಳಿಗೆ ಅಮ್ಮನ ಅಣ್ಣ, ಲಾರಿ ಓಡಿಸುತ್ತಿದ್ದ ರಾಚಪ್ಪ ಮಾವನನ್ನು ಕರೆಸಿದ್ದಾಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಹೊರಟೆವು. ಮುಂದೆ ಅಜ್ಜಿ, ಹಿಂದೆ ಅಪ್ಪ, ಅಮ್ಮ, ನಾನು. ನನ್ನ ತೊಡೆಯ ಮೇಲೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು. ಹನೂರು ದಾಟುವವರೆಗೂ ಅಜ್ಜಿ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿ ಹಿಡಿಯುತ್ತಲೇ ಇದ್ದಳು. ಅವಳ ಮುಖ ನೋಡಿ ಅಪ್ಪನ ಮುಖ ಅರಳಿಹೋಗಿತ್ತು.

ತಾಳಬೆಟ್ಟದಲ್ಲಿ ಕಾಯಿ ಒಡೆಸಿದ ಮೇಲೆ ಅಜ್ಜಿ ಸೀರೆ ಎತ್ತಿ ಸೊಂಟಕ್ಕೆ ಸಿಗಿಸಿಕೊಂಡು, ನೀರಿನ ಚೊಂಬು ಹಿಡಿದು ರಸ್ತೆಗಿಳಿದಳು.

“ಎಲ್ಲಿಗವ್ವ ಒಂಟಿದ್ದೀಯ?”

“ಎಲ್ಲಿಗೆ ಅಂದ್ರೆ? ಬೆಟ್ಟಕ್ಕೆ.”

“ಮತ್ತೆ ಕಾರು ತಂದಿರೋದು ಯಾತಕ್ಕೆ?”

“ನೀವು ಬನ್ನಿ ಅದ್ರಲ್ಲಿ. ನಾನು ನಡ್ಕಂಡು ಬತ್ತೀನಿ.”

ಅಪ್ಪ ಬೇಡಿದ, ರೇಗಿದ. ಅಜ್ಜಿ ಕುಂಟುತ್ತಾ ನಡೆದೇಬಿಟ್ಟಳು. ಅಪ್ಪನಿಗೂ ಹಟ ಬಂತು. “ರಾಚಪ್ಪ, ಅವ್ವನ ಪಕ್ಕದಲ್ಲೇ ಓಡ್ಸು. ಎಲ್ಲೀಗಂಟ ನಡೀತಾಳೆ ನೋಡ್ತೀನಿ” ಎಂದ.

“ಭಾವ, ಇದು ಲಾರಿ ಅಲ್ಲ. ಇಂಗೆ ಫಸ್ಟ್ ಗೇರಲ್ಲಿ ದಿಬ್ಬ ಅತ್ಸುದ್ರೆ ಕಾದೋಯ್ತದೆ.”

“ಕಾಯ್ಲಿ, ಓಡ್ಸು.”

ಹೀಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಅಜ್ಜಿ, ಅವಳ ಜೊತೆಗೆ ನಾನು, ಹಿಂದೆ ಗುರ್ರ್ ಎನ್ನುತ್ತಾ ಕಾರು. “ಉಘೇ ಮಾದಪ್ಪ” ಎಂದು ಕೂಗುತ್ತಾ ನಡೆಯುವವರೆಲ್ಲ ನಮ್ಮ ಕಾರನ್ನು ಹಿಂದೆ ಹಾಕಿ ಹೋದರು. ಒಬ್ಬ ಮುದುಕನಂತೂ, “ಏನಮ್ಮೋ, ಕಾರ್ನ ನಾಯಿ ತರ ಇಂದೆ ಕಟ್ಕಂಡು ಬತ್ತಾ ಇದ್ದೀಯಲ್ಲ!” ಎಂದು ನಕ್ಕ. ಅಜ್ಜಿಯೂ ನಕ್ಕಳು. ಆದರೆ ನನ್ನ ಬೆರಳನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಮಂಡಿಯ ನೋವೆಲ್ಲ ನನಗೇ ತಿಳಿಯುತ್ತಿತ್ತು.

ಮೂರನೇ ತಿರುವಿನಲ್ಲಿ ಬಾನೆಟ್ಟಿನಿಂದ ಹೊಗೆಯಂತೆ ಹಬೆ ಎದ್ದಿತು. ಮಾವ ಇಂಜಿನ್ ಆರಿಸಿ, “ನಾನ್ ಏಳ್ಲಿಲ್ವಾ?” ಎನ್ನುವ ಮುಖ ಮಾಡಿ ನಿಂತ. ತಣಿಯುವವರೆಗೂ ಮುಟ್ಟುವಂತಿಲ್ಲ. ಬಿದಿರ ಮೆಳೆಯ ನೆರಳಲ್ಲಿ ಕೂತು ರೊಟ್ಟಿ ಬಿಚ್ಚಿದೆವು. ಅಪ್ಪ ತಿನ್ನಲಿಲ್ಲ. “ನಿಂಗೋಸ್ಕರ ತಂದೆ ಕಣವ್ವ. ಆ ಕಾಲ್ನಾದ್ರೂ ಒಂದ್ಸಲ ನೋಡ್ಕೋ. ಏನ್ ಸಾಧುಸ್ತೀಯ ಇಂಗೆ?” ಎಂದು ಕೇಳಿದ.

ಅಜ್ಜಿ ಚೊಂಬನ್ನು ಮಾವನ ಮುಂದೆ ಇಟ್ಟಳು. “ಆರುದ್ ಮ್ಯಾಲೆ ಅದಕ್ಕೆ ಉಯ್ಯಪ್ಪ. ಪಾಪ, ಅದೂ ಬಾಯಾರ್ಕಂಡದೆ.” ಆಮೇಲೆ ಅಪ್ಪನ ಕಡೆ ತಿರುಗಿದಳು.

“ನಿಂಗಾಗ ಎಲ್ಡು ವರ್ಸ. ಮೈ ಕೆಂಡ ಆಗಿತ್ತು, ಮೂರ್ ದಿನ ಕಣ್ಣೇ ಬುಟ್ಟಿರ್ಲಿಲ್ಲ. ನಿನ್ಗಿಂತ ಮುಂಚಿನ್ ಎಲ್ಡು ಕೂಸು ಅಂಗೇ ಓಗಿದ್ವು. ನಿನ್ನ ಎತ್ಕಂಡು ಇದೇ ದಾರೀಲಿ ನಡುದೆ. ಮಾದಪ್ಪ, ಇವನೊಬ್ಬನ್ನ ಉಳುಸ್ಕೊಡು, ನನ್ ಜೀವ ಇರೋಗಂಟ ವರ್ಸಕ್ಕೊಂದ್ಸಲ ನಡ್ಕಂಡೇ ಬೆಟ್ಟ ಅತ್ತೀನಿ ಅಂದೆ. ನೀನು ಉಳುದೆ. ಇವತ್ತು ಮಂಡಿ ನೋಯ್ತದೆ ಅಂತ ಕಾರಲ್ಲಿ ಕುಂತು, ನಾಳೆ ನಿಂಗೇನಾರ ಆದ್ರೆ?”

ನನಗಾಗ ಎಂಟು ವರ್ಷ. ಅಲ್ಲಿಯವರೆಗೂ ಅಜ್ಜಿ ಕಾರು ಹತ್ತಲಿ ಎಂದು ಬೇಡಿಕೊಳ್ಳುತ್ತಿದ್ದವಳು ನಾನು. ಈಗ ಅವಳ ಸೆರಗು ಹಿಡಿದು, “ಅಜ್ಜಿ, ಕುಂತ್ಕಬ್ಯಾಡ” ಎಂದು ಅಳತೊಡಗಿದೆ. ಅವಳು ಕೂತರೆ ಅಪ್ಪ ಸತ್ತುಹೋಗುತ್ತಾನೆ ಎಂದು ನಿಜವಾಗಿಯೂ ನಂಬಿದ್ದೆ.

ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದ ಅಪ್ಪ ನಮಗೆ ಯಾವ ಪಾಠವನ್ನೂ ಹೇಳಲಿಲ್ಲ. ಎದ್ದು ಚಪ್ಪಲಿ ಬಿಟ್ಟು ಕಾರಿನೊಳಗೆ ಇಟ್ಟ. “ಉಳ್ದೋನು ನಾನಲ್ವಾ ಅವ್ವ? ಇನ್ಮೇಲೆ ನಾನು ನಡೀತೀನಿ. ನೀನು ಕುಂತ್ಕೋ.”

“ಅವನು ಒಪ್ತಾನ್ಲಾ?” ಅಜ್ಜಿ ಬೆಟ್ಟದ ಕಡೆ ನೋಡುತ್ತಾ ಕೇಳಿದಳು.

ಬೆಳಗಿನಿಂದ ತುಟಿ ಬಿಚ್ಚದಿದ್ದ ಅಮ್ಮ ಆಗ ಮೆಲ್ಲಗೆ ಹೇಳಿದಳು: “ನೀವು ಎತ್ತಿರೋ ಮಗನ ಕಾಲೇ ಅಲ್ವಾ ಅತ್ತೆ ಅವು? ಯಾಕೆ ಒಪ್ಪಲ್ಲ?”

ಅಜ್ಜಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಳು.

ಕೂತಳೇನೋ ಸರಿ, ಕಾರನ್ನು ಮುಂದೆ ಹೋಗಗೊಡಬೇಕಲ್ಲ! ಒಂದೊಂದು ತಿರುವಿಗೂ “ನಿಲ್ಸು ರಾಚಪ್ಪ” ಎನ್ನುವಳು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೆಳಗಿನ ರಸ್ತೆ ನೋಡುವಳು, “ಬಂದ್ನಾ? ಕಾಣ್ತಾನಾ?” ಎಂದು ಎಲ್ಲರ ತಲೆ ತಿನ್ನುವಳು. ಬೆವರು ಸುರಿಸಿಕೊಂಡು ಅಪ್ಪ ಬಂದು ಕಿಟಕಿಗೆ ಬಗ್ಗಿ “ಬಂದೆ ಕಣವ್ವ” ಎಂದ ಮೇಲೆಯೇ ಕಾರು ಹೊರಡಬೇಕು. ಇಷ್ಟೊಂದು ನಿಂತು ನಿಂತು ಹೋದದ್ದಕ್ಕೋ ಏನೋ, ಇಂಜಿನ್ ಮತ್ತೆ ಕಾಯಲೇ ಇಲ್ಲ.

ಮುಂದೆ ಇದೇ ಪದ್ಧತಿಯಾಯಿತು. ಚೌಕ ಮೂತಿಯದನ್ನು ಕೊಟ್ಟು ಅಪ್ಪ ಅದೇ ಕಾರಿನ ಎರಡನೇ ನಮೂನೆ ತಂದ. ಕೆಂಪು ಬಣ್ಣ, ಮೈ ಒಂದಿಷ್ಟು ಉದ್ದ, ಅಂಚುಗಳೆಲ್ಲ ಸವೆಸಿದ ಹಾಗೆ ನಯ. ಅಜ್ಜಿ ಅದರ ಸೀಟು ಮೆತ್ತಗಿದೆಯೆಂದು ಮೆಚ್ಚಿದಳು. ನಾನು ಕಾಲೇಜು ಸೇರುವ ಹೊತ್ತಿಗೆ ಮೂರನೆಯದು ಬಂತು. ದುಂಡು ಮೂತಿ, ದೊಡ್ಡ ದೀಪ, ಈ ಸಲ ಹೊಚ್ಚ ಹೊಸದು. “ಮೂತಿ ತಿದ್ದವ್ರೆ, ಗುಣ ಅದೇಯ” ಎಂದು ರಾಚಪ್ಪ ಮಾವ ತೀರ್ಪು ಕೊಟ್ಟ. ಮೂರರಲ್ಲೂ ಮುಂದಿನ ಸೀಟು ಅಜ್ಜಿಯದು. ಬೆಟ್ಟ ಅಪ್ಪನದು.

ಕಂಪನಿಯವರು ಆ ಕಾರು ಮಾಡುವುದನ್ನೇ ನಿಲ್ಲಿಸಿದರು ಎಂದು ಪೇಪರಿನಲ್ಲಿ ಬಂದ ದಿನ ಅಪ್ಪ ಹೊರಗೆ ಹೋಗಿ ಸುಮ್ಮನೆ ಅದರ ಗಾಜು ಒರೆಸಿ ಬಂದ. ಈಗ ಅದರ ಬಿಡಿಭಾಗ ಕೊಳ್ಳೇಗಾಲದಲ್ಲಿ ಸಿಗುವುದಿಲ್ಲ, ಕೆಲಸ ಬಲ್ಲ ಮೆಕ್ಯಾನಿಕ್ಕುಗಳಿಗೂ ವಯಸ್ಸಾಗಿದೆ. ನಾನು ಓಡಿಸುವ ಎತ್ತರದ ಕಾರು ಆ ತಿರುವುಗಳನ್ನು ಎಲ್ಲೂ ನಿಲ್ಲದೆ ದಾಟುತ್ತದೆ. ಅದು ಸುಖವೇ, ಸುಳ್ಳು ಹೇಳುವುದಿಲ್ಲ. ಆದರೆ ನಾವು ಕಳೆದುಕೊಂಡದ್ದು ಏನೆಂದು ನನಗೆ ತಿಳಿದದ್ದು ಅಜ್ಜಿ ತೀರಿಕೊಂಡ ವರ್ಷ.

ಆ ಬೇಸಿಗೆಯಲ್ಲೂ ಅಪ್ಪ ತಾಳಬೆಟ್ಟದಲ್ಲಿ ಚಪ್ಪಲಿ ಬಿಟ್ಟು ನಡೆದ. ಮಾವ ಯಾರೂ ಹೇಳದೆಯೇ ಮೊದಲ ತಿರುವಿನಲ್ಲಿ ಆ ದುಂಡು ಮೂತಿಯ ಕಾರು ನಿಲ್ಲಿಸಿದ. ತಲೆ ಪೂರ್ತಿ ಬೆಳ್ಳಗಾಗಿದ್ದ ಅಪ್ಪ ಏದುಸಿರು ಬಿಡುತ್ತಾ ಬಂದು, ಮುಂದಿನ ಕಿಟಕಿಗೆ ಬಗ್ಗಿ, “ಬಂದೆ ಕಣವ್ವ” ಎಂದ. ಆಮೇಲೆ ನೋಡಿದ. ಆ ಸೀಟಿನಲ್ಲಿ ನಾನಿದ್ದೆ.

ಅಪ್ಪ ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಎರಡು ವರ್ಷದ ಕೂಸಿನಂತೆ ಅತ್ತ.